ಬೇಡರ ಕಣ್ಣಪ್ಪನ ಹೊಸ್ತಿಲು

ನಂಜನಗೂಡಿಗೆ ಹರಕೆ ಹೊತ್ತು ಬಂದವರು ಕಪಿಲೆಯ ದಡದಲ್ಲಿ ಮುಡಿ ಕೊಟ್ಟು, ನದಿಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲಿಯೇ ಶ್ರೀಕಂಠೇಶ್ವರನ ಗುಡಿಯತ್ತ ನಡೆಯುವುದುಂಟು. ಆ ಸ್ವಲ್ಪ ದಾರಿಯಲ್ಲಿ ಧಣಿ ಯಾರು, ಆಳು ಯಾರು ಎಂದು ಗುರುತಿಸುವುದು ಸುಲಭವಲ್ಲ. ಮನುಷ್ಯನು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವಾಗ ಆಚರಿಸುವ ಸಂಸ್ಕಾರಗಳನ್ನು ಕುರಿತು ವಾನ್ ಗೆನೆಪ್ ಎಂಬ ವಿದ್ವಾಂಸನು 1909ರಲ್ಲಿ ಫ್ರೆಂಚ್ ಭಾಷೆಯಲ್ಲಿ ಒಂದು ಗ್ರಂಥವನ್ನು ಬರೆದನು. ಅಗಲುವಿಕೆ, ನಡುವಣ ಸ್ಥಿತಿ, ಮರಳಿ ಸೇರುವಿಕೆ ಎಂದು ಅವನು ಮೂರು ಘಟ್ಟಗಳನ್ನು ಹೇಳುತ್ತಾನೆ. ನಡುವಣ ಘಟ್ಟಕ್ಕೆ ಅವನಿಟ್ಟ ಹೆಸರು ಹೊಸ್ತಿಲು ಎಂಬರ್ಥದ ಲ್ಯಾಟಿನ್ ಪದದಿಂದ ಬಂದುದು. ಹೊಸ ಸೊಸೆಯು ಸೇರಕ್ಕಿಯನ್ನು ಕಾಲಿನಿಂದ ಉರುಳಿಸಿ ಮನೆಯೊಳಗೆ ಅಡಿಯಿಡುವ ನಾಡಿನಲ್ಲಿ ಆ ಹೆಸರಿಗೆ ವ್ಯಾಖ್ಯಾನ ಬೇಕಾಗಿಲ್ಲ. ಹೊಸ್ತಿಲಲ್ಲಿ ನಿಂತವನು ಇಲ್ಲಿಯವನೂ ಅಲ್ಲ, ಅಲ್ಲಿಯವನೂ ಅಲ್ಲ. ಅಲ್ಲಿ ಮೇಲು ಕೀಳುಗಳು ಕಳಚಿ ಬೀಳುತ್ತವೆ ಎಂದು ವಿಕ್ಟರ್ ಟರ್ನರನು 1969ರಲ್ಲಿ ಇದನ್ನು ವಿಸ್ತರಿಸಿದನು.

ಈ ಅಳತೆಗೋಲನ್ನು ಹಿಡಿದು ನೋಡಲು 1954ರ ‘ಬೇಡರ ಕಣ್ಣಪ್ಪ’ ಚಿತ್ರದಷ್ಟು ತಕ್ಕ ಕೃತಿ ಕನ್ನಡದಲ್ಲಿ ಅಪರೂಪ. ಎಚ್. ಎಲ್. ಎನ್. ಸಿಂಹರು ನಿರ್ದೇಶಿಸಿದ ಈ ಚಿತ್ರದಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಜಿ. ವಿ. ಅಯ್ಯರ್ ಅವರೂ ಒಬ್ಬ ಪಾತ್ರಧಾರಿ. ಮುತ್ತುರಾಜ ಎಂಬ ನಾಟಕದ ಹುಡುಗನು ರಾಜಕುಮಾರನಾದುದೂ ಇದರಿಂದಲೇ. ಕಥೆಯೊಳಗೆ ದಿಣ್ಣನಿಗೆ ಹೊಸ ಹೆಸರು, ಕಥೆಯ ಹೊರಗೆ ನಟನಿಗೂ ಹೊಸ ಹೆಸರು!

ದಿಣ್ಣನು ತನ್ನ ಹಟ್ಟಿಯಿಂದ ಹೊರದೂಡಲ್ಪಡುತ್ತಾನೆ. ಊರು ಸೇರಿದರೆ ಅಲ್ಲಿಯೂ ಅವನಿಗೆ ನೆಲೆಯಿಲ್ಲ. ದೇವರ ಒಡವೆಯನ್ನು ಕದ್ದನೆಂಬ ಅಪವಾದ, ಅದರ ಮೇಲೆ ಹಿಂಸೆ. ಬೇಡನಾಗಿ ಉಳಿಯಲಿಲ್ಲ, ಭಕ್ತನೆಂದು ಯಾರೂ ಒಪ್ಪಲಿಲ್ಲ. ಹೊಸ್ತಿಲೆಂದರೆ ಇದೇ. ಶಾಸ್ತ್ರವೆಲ್ಲ ತಲೆಕೆಳಗಾಗುವುದೂ ಈ ಎಡೆಯಲ್ಲಿಯೇ. ಕಣ್ಣಪ್ಪನ ಹಳೆಯ ಕಥೆಯಲ್ಲಿ ಬಾಯಲ್ಲಿ ತಂದ ನೀರು ಅಭಿಷೇಕವಾಗುತ್ತದೆ, ಬೇಟೆಯ ಮಾಂಸವು ನೈವೇದ್ಯವಾಗುತ್ತದೆ. ಒಂದು ಕಣ್ಣನ್ನು ಕಿತ್ತು ಲಿಂಗಕ್ಕೆ ಇಟ್ಟವನು, ಇನ್ನೊಂದನ್ನೂ ಕಿತ್ತರೆ ಇಡುವ ಜಾಗವು ಕಾಣಿಸದೆಂದು ಗುರುತಿಗಾಗಿ ಅಲ್ಲಿ ತನ್ನ ಕಾಲನ್ನು ಊರುತ್ತಾನೆ. ಬೇರೆ ಯಾವ ಹೊತ್ತಿನಲ್ಲಾದರೂ ಮಹಾಪಾತಕವಾಗಬೇಕಾದ ಕಾರ್ಯವು ಅಲ್ಲಿ ಪರಮಪೂಜೆ. ಟರ್ನರನ ಪುಟಗಳು ಹೇಳುವುದನ್ನೆಲ್ಲ ಆ ಒಂದು ಪಾದವು ಹೇಳಿಬಿಡುತ್ತದೆ. ಚಿತ್ರದ ಬಲವೆಲ್ಲ ಆ ಸನ್ನಿವೇಶದಲ್ಲಿದೆ.

ಆದರೆ ಮೂರನೆಯ ಘಟ್ಟದಲ್ಲಿ ಚಿತ್ರವು ಎಡವುತ್ತದೆ. ದಿಣ್ಣನೂ ಅವನ ಮಡದಿ ನೀಲೆಯೂ ದೇವಲೋಕದಿಂದ ಭೂಮಿಗೆ ತಳ್ಳಲ್ಪಟ್ಟವರೆಂದು ಕಥೆಯು ಮೊದಲೇ ಕಟ್ಟು ಹಾಕಿಕೊಂಡಿದೆ. ಅದ್ಭುತಕಥೆಗೆ ಶಾಪವು ಸಹಜವೆಂದು ಸುಮ್ಮನಿರಬಹುದು. ಆದರೂ ದೇವಲೋಕದವನೇ ದೇವಲೋಕಕ್ಕೆ ಸಲ್ಲುವುದಾದರೆ ಬೇಡನು ದಾಟಿದುದೇನು? ಕಣ್ಣು ಕಿತ್ತುಕೊಟ್ಟವನ ಕುಲಕ್ಕೆ ಮಾತ್ರ ಯಾವ ಪಾಲೂ ಬರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ದೇವಾಲಯ ಪ್ರವೇಶದ ಶಾಸನವು 1948ರಲ್ಲಿ ಆಗಿತ್ತು. ಅದಾಗಿ ಆರು ವರ್ಷಕ್ಕೆ ತೆರೆಗೆ ಬಂದ ಚಿತ್ರವು, ಮರುದಿನ ಆ ಗುಡಿಯ ಬಾಗಿಲು ಹಟ್ಟಿಯವರಿಗೆ ತೆರೆಯಿತೇ ಎಂದು ಕೇಳಬಹುದಾಗಿತ್ತು. ಕೇಳದೆ ಶಿವನನ್ನು ಪ್ರತ್ಯಕ್ಷಗೊಳಿಸಿ ಮಂಗಳ ಹಾಡಿತು.

ಲೋಕವೂ ಇದಕ್ಕಿಂತ ಮುಂದೆ ಹೋಗಿಲ್ಲವೆಂದು ಚಿತ್ರದ ಪರವಾಗಿ ವಾದಿಸುವವರಿರಬಹುದು. ನಂಜನಗೂಡನ್ನು ದಾಟಿದ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಅಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ನಡೆದುಬಂದ ಕುಂಭಮೇಳದಲ್ಲಿ ಸಾವಿರಾರು ಜನರು ಒಂದೇ ನೀರಿನಲ್ಲಿ ಮುಳುಗುತ್ತಾರೆ; ದಡಕ್ಕೆ ಬಂದು ಒಣಬಟ್ಟೆ ಉಟ್ಟೊಡನೆ ಅವರವರ ಜಾತಿಯೂ ಅಂತಸ್ತೂ ಮೈಮೇಲೆ ಬರುತ್ತವೆ. ಈ ವಾದವನ್ನು ತಳ್ಳಿಹಾಕಲಾಗದು. ಆದರೆ ಅದೇ ಸೀಮೆಯಲ್ಲಿ ಅದಕ್ಕೊಂದು ಉತ್ತರವೂ ಉಂಟು. ಶ್ರೀಕಂಠೇಶ್ವರನ ಪ್ರಾಕಾರದಲ್ಲಿ 63 ಪುರಾತನರ ವಿಗ್ರಹಗಳು ಸಾಲಾಗಿ ನಿಂತಿವೆ. ಅರಸರು, ಬ್ರಾಹ್ಮಣರು, ಕುಂಬಾರ, ಅಗಸ, ಬೇಡ ಎಲ್ಲರೂ ಆ ಸಾಲಿನವರೇ. ಅಲ್ಲಿ ಕಣ್ಣಪ್ಪನು ಪೂರ್ವಜನ್ಮದ ಶಿಫಾರಸು ಯಾವುದೂ ಇಲ್ಲದೆ, ಬೇಡನಾಗಿಯೇ ನಿಂತಿದ್ದಾನೆ. ಪ್ರದಕ್ಷಿಣೆ ಬರುವವರು ಉಳಿದವರಿಗೆ ಮುಗಿದಂತೆಯೇ ಅವನಿಗೂ ಕೈಮುಗಿದು ಮುಂದೆ ಸಾಗುತ್ತಾರೆ.