ಆತ್ಮ, ಪ್ರಾಣ, ಆವಿ: ಕನ್ನಡ ಸತ್ಯವೇದದ ಜೀವಪರಿಭಾಷೆ

ಒಂದು ಮತದ ತತ್ತ್ವಗಳು ಹುಟ್ಟಿದ ನೆಲವನ್ನು ಬಿಟ್ಟು ಬೇರೊಂದು ನಾಡಿನಲ್ಲಿ ಬೇರೂರಬೇಕಾದಾಗ ಮೊದಲು ಎದುರಾಗುವ ತೊಡಕು ಪರಿಭಾಷೆಯದು. ಹೊಸ ಮಾತನ್ನು ಹೊರಗಿನಿಂದ ತಂದರೆ ಜನಕ್ಕೆ ಅರ್ಥವಾಗದು. ನಾಡಿನಲ್ಲಿ ಸಲ್ಲುವ ಮಾತನ್ನೇ ಎತ್ತಿಕೊಂಡರೆ ಅದರೊಡನೆ ಶತಮಾನಗಳ ಸಂಸ್ಕಾರವೂ ಒಳಕ್ಕೆ ಬರುತ್ತದೆ. ಕ್ರೈಸ್ತಮತವು ದಕ್ಷಿಣಭಾರತದ ಭಾಷೆಗಳಲ್ಲಿ ಮಾತನಾಡತೊಡಗಿದಾಗ ಈ ತೊಡಕು ಅತ್ಯಂತ ತೀವ್ರವಾಗಿ ಕಾಣಿಸಿಕೊಂಡದ್ದು ಮನುಷ್ಯನ ಜೀವತತ್ತ್ವವನ್ನು ಹೆಸರಿಸುವಲ್ಲಿ. ‘ಆತ್ಮ’ ಎಂಬ ಮಾತನ್ನು ಕೇಳಿದೊಡನೆ ಈ ನಾಡಿನ ಕಿವಿಗೆ ಉಪನಿಷತ್ತು, ಗೀತೆಗಳ ನೆನಪಾಗುತ್ತದೆ: ಹುಟ್ಟಿಲ್ಲದ, ಸಾವಿಲ್ಲದ, ದೇಹವನ್ನು ಉಡುಪಿನಂತೆ ಬದಲಿಸುವ ವಸ್ತು ಅದು. ಕ್ರೈಸ್ತರ ನಂಬಿಕೆಯ ಜೀವವಾದರೋ ಅಂಥದಲ್ಲ. ಹೀಗಿರುವಾಗ ಭಾಷಾಂತರಕಾರರು ಮಾಡಿದ್ದೇನು, ಅದರಿಂದಾದ ಲಾಭನಷ್ಟಗಳೇನು ಎಂಬುದನ್ನು, ಕನ್ನಡ ಕ್ರೈಸ್ತರು ‘ಸತ್ಯವೇದ’ವೆಂದು ಕರೆಯುವ ಬೈಬಲ್ಲಿನ ಪ್ರಚಲಿತ ಪಾಠವನ್ನು ತಮಿಳು ಪಾಠದೊಡನೆ ಹೋಲಿಸಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ತತ್ತ್ವವನ್ನು ಸಂಗ್ರಹವಾಗಿ ತಿಳಿಯುವುದು ಅವಶ್ಯ. ಕ್ರೈಸ್ತಸಿದ್ಧಾಂತದಲ್ಲಿ ಜೀವವು ಅನಾದಿಯಲ್ಲ. ಅದು ದೇವರ ಸೃಷ್ಟಿ. ಜೀವಗಳು ದೇಹಕ್ಕಿಂತ ಮೊದಲೇ ಇದ್ದುವೆಂಬ, ಆರಿಜೆನನ ಹೆಸರಿಗೆ ಹತ್ತಿದ ವಾದವನ್ನು ಸಭೆಯು ಆರನೆಯ ಶತಮಾನದಲ್ಲಿ ನಿರಾಕರಿಸಿತು. ಎರಡನೆಯದಾಗಿ, ಜೀವವು ದೇಹದ ಸೆರೆಯಾಳಲ್ಲ; ದೇಹಕ್ಕೆ ರೂಪವನ್ನು ಕೊಡುವ ತತ್ತ್ವವೇ ಅದು ಎಂದು ೧೩೧೨ರಲ್ಲಿ ವಿಯೆನ್ನ ಪಟ್ಟಣದ ಮಹಾಸಭೆ, ಥಾಮಸ್ ಅಕ್ವೈನಸನ ಪರಿಭಾಷೆಗೆ ಹತ್ತಿರವಾದ ಮಾತಿನಲ್ಲಿ, ಸಾರಿತು. ಫ್ರಾನ್ಸಿನ ರೋನ್ ನದಿಯ ದಡದ ಈ ವಿಯೆನ್ನವು ಆಸ್ಟ್ರಿಯದ ರಾಜಧಾನಿಯಲ್ಲ. ಮೂರನೆಯದಾಗಿ, ಸತ್ತವರ ಪುನರುತ್ಥಾನವೇ ಕ್ರೈಸ್ತನ ಕೊನೆಯ ಭರವಸೆಯೇ ಹೊರತು ಬರಿಯ ಜೀವದ ಅಮರತ್ವವಲ್ಲ. ೧೫೧೩ರ ಲ್ಯಾಟರನ್ ಮಹಾಸಭೆಯು ಪ್ರತಿಯೊಂದು ಜೀವವೂ ಅಮರವೆಂದು ಘೋಷಿಸಿದ್ದು ನಿಜ. ಆದರೆ ಆ ಅಮರತ್ವದ ಕಲ್ಪನೆಯಲ್ಲಿ ಗ್ರೀಕರ ಪಾಲೆಷ್ಟು, ಹೀಬ್ರೂ ಪ್ರವಾದಿಗಳ ಪಾಲೆಷ್ಟು ಎಂಬ ಪ್ರಶ್ನೆ ಉಳಿದೇ ಇತ್ತು. ಬಾಸೆಲಿನ ಪ್ರಾಧ್ಯಾಪಕ ಆಸ್ಕರ್ ಕುಲ್‌ಮನ್ನರು ೧೯೫೫ರಲ್ಲಿ ಹಾರ್ವರ್ಡಿನಲ್ಲಿ ಮಾಡಿದ ಪ್ರಸಿದ್ಧ ಉಪನ್ಯಾಸದಲ್ಲಿ ಇದನ್ನೇ ಎತ್ತಿ, ಸಾಕ್ರೆಟೀಸನ ಶಾಂತವಾದ ಸಾವನ್ನೂ ಯೇಸುವಿನ ಸಂಕಟದ ಸಾವನ್ನೂ ಎದುರುಬದುರಾಗಿ ನಿಲ್ಲಿಸಿ, ಹೊಸ ಒಡಂಬಡಿಕೆಯ ಮಾತು ಪುನರುತ್ಥಾನವೇ ಎಂದು ವಾದಿಸಿದರು.

ಇನ್ನು ಮೂಲದ ಶಬ್ದಗಳು. ಹೀಬ್ರೂವಿನಲ್ಲಿ ‘ನೆಫೆಷ್’, ‘ರೂಅಹ್’ ಎಂಬೆರಡು ಮಾತುಗಳು. ಇವುಗಳಿಗೆ ಗ್ರೀಕಿನಲ್ಲಿ ಕ್ರಮವಾಗಿ ‘ಪ್ಸ್ಯೂಖೆ’, ‘ಪ್ನ್ಯೂಮ’. ನೆಫೆಷ್ ಎಂದರೆ ಗಂಟಲು, ಉಸಿರು, ಹಸಿವು, ಪ್ರಾಣ, ಕೊನೆಗೆ ‘ತಾನು’ ಎಂಬಷ್ಟು ವಿಸ್ತಾರವಾದ ಮಾತು. ಪಶುಪಕ್ಷಿಗಳಿಗೂ ಅದು ಸಲ್ಲುತ್ತದೆ. ರೂಅಹ್ ಎಂದರೆ ಗಾಳಿ; ದೇವರಿಂದ ಬೀಸಿಬರುವ ಚೈತನ್ಯ. ಹಲವು ಭಾಷೆಗಳಲ್ಲಿ ಈ ಮಾತುಗಳ ಬೇರು ಉಸಿರಿನಲ್ಲಿಯೇ ಇದೆಯೆಂಬುದು ಗಮನಿಸತಕ್ಕ ಸಂಗತಿ. ಸಂಸ್ಕೃತದ ‘ಪ್ರಾಣ’ಕ್ಕೂ ಲ್ಯಾಟಿನಿನ ‘ಆನಿಮ’ಕ್ಕೂ ಧಾತು ಒಂದೇ, ‘ಆತ್ಮನ್’ ಎಂಬುದಕ್ಕೆ ಜರ್ಮನರ ‘ಆಟೆಮ್’, ಅಂದರೆ ಉಸಿರು, ಜ್ಞಾತಿಶಬ್ದವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಧಾತುವನ್ನು ನೋಡಿದರೆ ಭಾಷಾಂತರ ಸುಲಭ; ದರ್ಶನಗಳನ್ನು ನೋಡಿದರೆ ಕಠಿನ.

ತಮಿಳುನಾಡಿನಲ್ಲಿ ಈ ಕಠಿನವಾದ ಕೆಲಸಕ್ಕೆ ಕೈಹಾಕಿದವರಲ್ಲಿ ರಾಬರ್ಟೊ ದೆ ನೊಬಿಲಿ ಪ್ರಮುಖನು. ೧೬೦೬ರಲ್ಲಿ ಮಧುರೆಗೆ ಬಂದು ಸಂನ್ಯಾಸಿಯ ವೇಷಾಚಾರಗಳಲ್ಲಿ ಬಾಳಿ, ೧೬೫೬ರಲ್ಲಿ ಮೈಲಾಪುರದಲ್ಲಿ ತೀರಿಕೊಂಡ ಈ ಇಟಲಿಯ ಯೇಸುಸಭೆಯ ಪಾದ್ರಿ ತಮಿಳಿನಲ್ಲಿ ‘ಆತ್ತುಮ ನಿರ್ಣಯಂ’ ಎಂಬ ಶಾಸ್ತ್ರಗ್ರಂಥವನ್ನೇ ಬರೆದನು. ಆತನು ‘ಆತ್ತುಮಾ’ ಎಂಬ ಮಾತಿಗೆ ಹೆದರಲಿಲ್ಲ. ಅದನ್ನು ಸ್ವೀಕರಿಸಿ, ಅದಕ್ಕೆ ಅಂಟಿದ್ದ ಪುನರ್ಜನ್ಮವಾದವನ್ನು ತರ್ಕದಿಂದ ಬೇರ್ಪಡಿಸಲು ಯತ್ನಿಸಿದನು. ಮುಂದೆ ಪ್ರಾಟೆಸ್ಟೆಂಟರಲ್ಲಿ, ಮದರಾಸಿನ ವೇಪೇರಿಯಲ್ಲಿದ್ದ ಫಾಬ್ರೀಷಿಯಸ್ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ತಮಿಳು ಬೈಬಲ್ಲಿಗೆ ಒಂದು ಗಂಭೀರವಾದ ಶೈಲಿಯನ್ನು ಕಟ್ಟಿಕೊಟ್ಟನು. ಇಂದು ತಮಿಳು ಪ್ರಾಟೆಸ್ಟೆಂಟ್ ಆರಾಧನೆಯಲ್ಲಿ ಬೇರೂರಿರುವ ಪಾಠದಲ್ಲಿ ವ್ಯವಸ್ಥೆ ಹೀಗಿದೆ: ಪ್ಸ್ಯೂಖೆಗೆ ಬಹುಮಟ್ಟಿಗೆ ‘ಆತ್ತುಮಾ’, ಪ್ನ್ಯೂಮಕ್ಕೆ ‘ಆವಿ’.

ಕನ್ನಡದಲ್ಲಿ ಕಥೆ ಬೇರೆ. ೧೮೧೦ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವನ ಸಂಗಡಿಗರ ಶ್ರಮದಿಂದ ೧೮೩೦ರ ದಶಕದ ಆರಂಭದ ವೇಳೆಗೆ ಇಡೀ ಬೈಬಲ್ಲು ಕನ್ನಡದಲ್ಲಿ ಅಚ್ಚಾಯಿತು. ೧೮೩೪ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ನಿನ ವಿದ್ವಾಂಸರಲ್ಲಿ ವೈಗ್ಲೆ ೧೮೫೦ರ ದಶಕದಲ್ಲಿ ಪರಿಷ್ಕರಣಕ್ಕೆ ದುಡಿದನು. ಹೀಗೆ ಹಲವು ಕೈಗಳಲ್ಲಿ ಪಳಗಿ ಬಂದ ಪಾಠದಲ್ಲಿ ‘ಆತ್ಮ’ವು ಪ್ನ್ಯೂಮಕ್ಕೆ ಮೀಸಲಾಗಿದೆ, ಪ್ಸ್ಯೂಖೆಗೆ ಬಹುಮಟ್ಟಿಗೆ ‘ಪ್ರಾಣ’. ಅಂದರೆ ತಮಿಳರು ಯಾವುದನ್ನು ಆತ್ತುಮಾ ಎನ್ನುತ್ತಾರೋ ಅದನ್ನು ಕನ್ನಡಿಗರು ಆತ್ಮವೆನ್ನುವುದಿಲ್ಲ; ಕನ್ನಡಿಗರು ಯಾವುದನ್ನು ಆತ್ಮವೆನ್ನುತ್ತಾರೋ ಅದು ತಮಿಳರಿಗೆ ಆವಿ. ಪೌಲನು ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದ ಕೊನೆಯಲ್ಲಿ (೫:೨೩) ಮನುಷ್ಯನನ್ನು ಮೂರಾಗಿ ಎಣಿಸುವಾಗ ತಮಿಳು ಆವಿ, ಆತ್ತುಮಾ, ಶರೀರ ಎನ್ನುತ್ತದೆ. ಕನ್ನಡವು ಆತ್ಮ, ಪ್ರಾಣ, ಶರೀರ ಎನ್ನುತ್ತದೆ. ಲೂಕನ ಸುವಾರ್ತೆಯಲ್ಲಿ ಮರಿಯಳ ಸ್ತೋತ್ರದ ಆರಂಭದಲ್ಲಿಯೂ ಇದೇ ಅದಲುಬದಲು. ಚೆನ್ನೈಯಲ್ಲಿ ಮೊದಲ ಸಲ ತಮಿಳು ಆರಾಧನೆಗೆ ಹೋದ ಕನ್ನಡ ಕ್ರೈಸ್ತನಿಗೆ ಪವಿತ್ರಾತ್ಮನ ಸ್ಥಾನದಲ್ಲಿ ‘ಪರಿಶುದ್ಧ ಆವಿ’ ಎಂದು ಕೇಳಿದಾಗ, ಅನ್ನದ ತಪ್ಪಲೆಯಿಂದ ಏಳುವ ಹಬೆಯ ನೆನಪಾದರೆ ಅವನ ತಪ್ಪಲ್ಲ. ಶಬ್ದವು ಎರಡು ಭಾಷೆಗಳಿಗೂ ಒಂದೇ. ತಮಿಳಿನಲ್ಲಿ ಅದು ಉಸಿರಾಗಿ ಮೇಲೇರಿತು, ಕನ್ನಡದಲ್ಲಿ ಹಬೆಯಾಗಿ ಉಳಿಯಿತು.

ಈ ಭೇದವು ಬರಿಯ ಶಬ್ದದ ಭೇದವಲ್ಲವೆಂಬುದಕ್ಕೆ ಆದಿಕಾಂಡದ ಸೃಷ್ಟಿಕಥೆಯೇ (೨:೭) ಸಾಕ್ಷಿ. ಮಣ್ಣಿನ ಮನುಷ್ಯನೊಳಗೆ ದೇವರು ಉಸಿರೂದಿದ ಮೇಲೆ ಅವನು ‘ನೆಫೆಷ್ ಹಯ್ಯಾ’ ಆದನೆಂದು ಮೂಲ. ತಮಿಳು ಪಾಠದಲ್ಲಿ ಅವನು ‘ಜೀವಾತ್ತುಮಾ’ ಆಗುತ್ತಾನೆ; ಕನ್ನಡದಲ್ಲಿ ಬದುಕುವ ‘ಪ್ರಾಣಿ’ ಆಗುತ್ತಾನೆ. ಮೊದಲ ನೋಟಕ್ಕೆ ತಮಿಳಿನದು ಉದಾತ್ತವಾಗಿಯೂ ಕನ್ನಡದ್ದು ಒರಟಾಗಿಯೂ ತೋರುವುದು ಸಹಜ. ಮನುಷ್ಯನನ್ನು ಪ್ರಾಣಿಯೆಂದರೆ ಇಂದಿನ ಓದುಗನು ಹುಬ್ಬೇರಿಸುತ್ತಾನೆ. ಆದರೆ ಮೊದಲನೆಯ ಅಧ್ಯಾಯದಲ್ಲಿ ನೀರಿನ, ನೆಲದ ಜಂತುಗಳಿಗೆ ಹೀಬ್ರೂ ಬಳಸಿದ್ದು ಇದೇ ‘ನೆಫೆಷ್ ಹಯ್ಯಾ’ ಎಂಬ ಮಾತನ್ನೇ. ಇಂಗ್ಲಿಷಿನ ಜೇಮ್ಸ್ ದೊರೆಯ ಪಾಠ ಅಲ್ಲೊಂದು ಮಾತು, ಇಲ್ಲೊಂದು ಮಾತು ಇಟ್ಟು ಮನುಷ್ಯನನ್ನು ಮೃಗಗಳಿಂದ ಬೇರ್ಪಡಿಸಿತು; ತಮಿಳಿನಲ್ಲಿಯೂ ಜಂತುಗಳು ಜೀವಜಂತುಗಳಾಗಿ, ಮನುಷ್ಯನೊಬ್ಬನೇ ಜೀವಾತ್ತುಮಾ ಆದನು. ಕನ್ನಡದ ‘ಪ್ರಾಣಿ’ ಮಾತ್ರ ಮನುಷ್ಯನಿಗೂ ಮೃಗಕ್ಕೂ ಸಮನಾಗಿ ಸಲ್ಲುವ ಮಾತಾದುದರಿಂದ ಮೂಲದ ದೀನತೆಯನ್ನು ಉಳಿಸಿಕೊಂಡಿದೆ. ಮನುಷ್ಯನಿಗೆ ಪ್ರಾಣವು ‘ಇದೆ’ ಎಂದಲ್ಲ, ಮನುಷ್ಯನೇ ಪ್ರಾಣವುಳ್ಳ ಜೀವಿ ‘ಆದನು’ ಎಂಬುದು ಹೀಬ್ರೂವಿನ ಅಭಿಪ್ರಾಯ. ದೇಹವೊಂದು ಪೆಟ್ಟಿಗೆ, ಅದರೊಳಗೆ ಆತ್ಮವೆಂಬ ಒಡವೆ ಎಂಬ ಭಾವನೆಗೆ ಇಲ್ಲಿ ಎಡೆಯಿಲ್ಲ.

ಕೀರ್ತನೆಗಳಲ್ಲಿ ಕನ್ನಡವು ಇನ್ನಷ್ಟು ಸ್ವಾತಂತ್ರ್ಯವನ್ನು ವಹಿಸಿದೆ. ದೇವರನ್ನು ಕೊಂಡಾಡೆಂದು ಭಕ್ತನು ತನ್ನ ನೆಫೆಷಿಗೆ ತಾನೇ ಹೇಳಿಕೊಳ್ಳುವ ೧೦೩ನೆಯ ಕೀರ್ತನೆಯಲ್ಲಿ ತಮಿಳು ಆತ್ತುಮಾವನ್ನು ಕರೆದರೆ ಕನ್ನಡವು ‘ಮನ’ವನ್ನು ಕರೆಯುತ್ತದೆ. ದಾಸರ ಪದಗಳಲ್ಲಿ ಮನಸ್ಸಿಗೆ ಬುದ್ಧಿ ಹೇಳುವ ಪರಿಪಾಠವನ್ನು ಬಲ್ಲ ಕನ್ನಡಿಗನಿಗೆ ಇದು ಪರಕೀಯವೆನಿಸದು. ಒಂದೇ ಹೀಬ್ರೂ ಮಾತಿಗೆ ಪ್ರಾಣ, ಪ್ರಾಣಿ, ಮನ ಎಂದು ಸಂದರ್ಭಕ್ಕೆ ತಕ್ಕ ಪ್ರತಿಶಬ್ದವನ್ನು ಇಡುವುದರಿಂದ ಏಕರೂಪತೆ ಕೆಟ್ಟಿತೆಂದು ಆಕ್ಷೇಪಿಸಬಹುದು. ಆದರೆ ನೆಫೆಷ್ ಎಂಬುದು ದೇಹದಿಂದ ಬೇರೆಯಾದ ಒಂದು ವಸ್ತುವಲ್ಲವೆಂಬ ಅರಿವು ಈ ವೈವಿಧ್ಯದಿಂದಲೇ ಮೂಡುತ್ತದೆ.

ಇಷ್ಟಾದರೂ ‘ಪ್ರಾಣ’ಕ್ಕೆ ಅದರದೇ ಆದ ಕೊರತೆಯುಂಟು. ವೇದಾಂತದ ಕೋಶವಿಭಾಗದಲ್ಲಿ ಪ್ರಾಣಮಯವು ಕೆಳಗಿನ ಮೆಟ್ಟಿಲು. ಪ್ರಾಣವೆಂದರೆ ಐದು ವಾಯುಗಳು. ಲೋಕವನ್ನೆಲ್ಲ ಗಳಿಸಿ ತನ್ನ ‘ಪ್ಸ್ಯೂಖೆ’ಯನ್ನು ಕಳೆದುಕೊಂಡವನಿಗೆ ಲಾಭವೇನೆಂಬ ಯೇಸುವಿನ ಪ್ರಶ್ನೆಯಲ್ಲಿ (ಮಾರ್ಕ ೮:೩೬) ‘ಪ್ರಾಣ’ವೆಂದು ಓದಿದ ವೇದಾಂತಿಯು, ಇದು ಸತ್ತವನಿಗೆ ಸಂಪತ್ತೇಕೆಂಬ ಲೋಕರೂಢಿಯ ವಿವೇಕವೆಂದು ಮುಂದೆ ಸಾಗಬಹುದು. ಆದರೆ ಇದರ ಹಿಂದಿನ ವಚನದಲ್ಲಿ, ಉಳಿಸಿಕೊಳ್ಳಹೋದವನು ಕಳೆದುಕೊಳ್ಳುವನೆಂಬಲ್ಲಿಯೂ ಗ್ರೀಕಿನ ಮಾತು ಅದೇ ಆಗಿದೆ. ಇಂಗ್ಲಿಷಿನ ಹಳೆಯ ಪಾಠವು ನಡುವೆ ಮಾತನ್ನು ಬದಲಿಸಿ ಆ ಶ್ಲೇಷೆಯನ್ನು ಮುರಿಯಿತು. ಎರಡೂ ಕಡೆ ‘ಪ್ರಾಣ’ವನ್ನಿಟ್ಟ ಕನ್ನಡವೂ ಎರಡೂ ಕಡೆ ‘ಜೀವನ್’ ಎಂದ ತಮಿಳೂ ಅದನ್ನು ಕಾಪಾಡಿದುವು. ಅಲ್ಲದೆ ಕನ್ನಡದಲ್ಲಿ ಪ್ರಾಣವು ಕೇವಲ ವಾಯುವಾಗಿ ಉಳಿದಿಲ್ಲ. ಶರಣರ ಷಟ್‌ಸ್ಥಲದಲ್ಲಿ ‘ಪ್ರಾಣಲಿಂಗಿ’ ಎಂಬುದೊಂದು ಸ್ಥಲ. ಪ್ರಾಣವೇ ಲಿಂಗವಾಗುವ ಅನುಭಾವವನ್ನು ಹೇಳಿದ ನಾಡಿನಲ್ಲಿ ಆ ಮಾತನ್ನು ಕೀಳೆಂದು ತಳ್ಳುವುದು ಯುಕ್ತವಲ್ಲ.

ನಿಜವಾದ ಬಿಕ್ಕಟ್ಟು ಮತ್ತಾಯನ ಸುವಾರ್ತೆಯಲ್ಲಿದೆ (೧೦:೨೮). ದೇಹವನ್ನು ಕೊಂದರೂ ಒಳಗಿನದನ್ನು ಕೊಲ್ಲಲಾರದವರಿಗೆ ಅಂಜಬೇಡಿರೆಂಬ ಉಪದೇಶದಲ್ಲಿ ಗ್ರೀಕು ‘ಪ್ಸ್ಯೂಖೆ’ ಎಂದೇ ಹೇಳುತ್ತದೆ. ಇಲ್ಲಿ ‘ಪ್ರಾಣ’ವೆಂದರೆ ವಾಕ್ಯವೇ ವಿರುದ್ಧವಾಗುತ್ತದೆ, ದೇಹವನ್ನು ಕೊಂದವನು ಪ್ರಾಣವನ್ನು ತೆಗೆಯದೆ ಇರುವುದೆಂತು? ಆದ್ದರಿಂದ ಕನ್ನಡ ಪಾಠವು ತನ್ನ ನಿಯಮವನ್ನು ಬಿಟ್ಟು ‘ಆತ್ಮ’ವನ್ನು ತಂದಿದೆ. ತಂದೊಡನೆ ಗೀತೆಯ ಎರಡನೆಯ ಅಧ್ಯಾಯವೇ ಕಿವಿಯಲ್ಲಿ ಮೊಳಗುತ್ತದೆ: ಶಸ್ತ್ರವು ಕತ್ತರಿಸದ, ಬೆಂಕಿಯು ಸುಡದ ಆತ್ಮ! ಆದರೆ ಅದೇ ವಚನದ ಉತ್ತರಾರ್ಧವು, ಎರಡನ್ನೂ ನರಕದಲ್ಲಿ ನಾಶಮಾಡಬಲ್ಲವನಿದ್ದಾನೆ, ಆತನಿಗೆ ಅಂಜಿರಿ ಎನ್ನುತ್ತದೆ. ಗೀತೆಯ ಆತ್ಮವು ಸ್ವಭಾವದಿಂದಲೇ ಅವಿನಾಶಿ. ಇಲ್ಲಿಯ ಆತ್ಮವು ಮನುಷ್ಯರ ಕೈಗೆ ಸಿಕ್ಕದಿದ್ದರೂ ದೇವರ ಕೈಯಿಂದ ಹೊರಗಿಲ್ಲ. ಮಧ್ವಮತದ ಜೀವ, ಪರಮಾತ್ಮನಿಂದ ನಿತ್ಯಭಿನ್ನವಾಗಿ ಆತನಿಗೆ ಸದಾ ಅಧೀನವಾಗಿರುವುದರಿಂದ, ಈ ಕಲ್ಪನೆಗೆ ಬಹಳ ಹತ್ತಿರ ಬರುತ್ತದೆ. ಆದರೆ ಆ ಜೀವವೂ ಅನಾದಿ. ಸೃಷ್ಟವಾದ ಜೀವ ಎಂಬ ಕಲ್ಪನೆಗೆ ನಮ್ಮ ಯಾವ ವೇದಾಂತದಲ್ಲಿಯೂ ಸಿದ್ಧವಾದ ಮಾತಿಲ್ಲ. ಕನ್ನಡವು ತೋರಿದ ತಡವರಿಕೆಗೆ ಕಾರಣ ಭಾಷಾಂತರಕಾರನ ಅಜ್ಞಾನವಲ್ಲ, ಈ ಅಭಾವ.

ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹದಿನೈದನೆಯ ಅಧ್ಯಾಯದಲ್ಲಿ, ಬಿತ್ತುವ ದೇಹವನ್ನು ‘ಪ್ರಾಕೃತ’ವೆಂದೂ ಎದ್ದುಬರುವ ದೇಹವನ್ನು ‘ಆತ್ಮಿಕ’ವೆಂದೂ ಕನ್ನಡ ಪಾಠ ಹೇಳುತ್ತದೆ. ‘ಆತ್ಮಿಕ ದೇಹ’ ಎಂಬುದು ಸಾಂಖ್ಯನಿಗೂ ಅದ್ವೈತಿಗೂ ವದತೋವ್ಯಾಘಾತ. ದೇಹವಲ್ಲದ್ದೇ ಅವರಿಗೆ ಆತ್ಮ. ಆದರೆ ಕ್ರೈಸ್ತಮತವು ಈ ನಾಡಿಗೆ ಹೇಳಬೇಕಾಗಿದ್ದ ಹೊಸ ಮಾತು ಈ ವಿರೋಧದಲ್ಲಿಯೇ ಅಡಗಿದೆ. ಆತ್ಮವನ್ನು ದೇವರ ಉಸಿರಿಗೆ ಮೀಸಲಾಗಿಟ್ಟುದರಿಂದ, ದೇಹವೂ ಆ ಉಸಿರಿನಿಂದ ತುಂಬಿ ಏಳಬಲ್ಲುದೆಂಬ ಅರ್ಥಕ್ಕೆ ಕನ್ನಡದಲ್ಲಿ ದಾರಿಯಾಯಿತು.

ಮದರಾಸಿನ ಕ್ರೈಸ್ತಚಿಂತಕರು ಇಂಥ ಪ್ರಶ್ನೆಗಳನ್ನು ಕಡೆಗಣಿಸಿದವರಲ್ಲ. ಎ. ಜೆ. ಅಪ್ಪಾಸಾಮಿಯವರು ೧೯೨೭ರ ತಮ್ಮ ಗ್ರಂಥದಲ್ಲಿ ಯೋಹಾನನ ಬರಹಗಳನ್ನು ಭಕ್ತಿಮಾರ್ಗದ ಬೆಳಕಿನಲ್ಲಿ ವ್ಯಾಖ್ಯಾನಿಸಿದರು, ಪಿ. ಚೆಂಚಯ್ಯ, ವಿ. ಚಕ್ಕರೈ ಮೊದಲಾದವರು ೧೯೩೮ರಲ್ಲಿ, ತಾಂಬರಂ ಸಮ್ಮೇಲನದ ಮುನ್ನ, ಕ್ರೈಸ್ತಧರ್ಮದ ಪುನರ್ವಿಮರ್ಶೆಯ ಸಂಪುಟವನ್ನು ಹೊರತಂದರು. ಆದರೆ ಆ ಗ್ರಂಥಗಳೆಲ್ಲ ಇಂಗ್ಲಿಷಿನವು. ತತ್ತ್ವದ ಚರ್ಚೆ ಒಂದು ಭಾಷೆಯಲ್ಲಿ, ಪ್ರಾರ್ಥನೆ ಇನ್ನೊಂದರಲ್ಲಿ ಎಂಬಂತಾಯಿತು.

ಕನ್ನಡ ಸತ್ಯವೇದದ ಪರಿಭಾಷೆ ದೋಷರಹಿತವಲ್ಲ, ಮತ್ತಾಯನಲ್ಲಿ ಅದು ಮುಗ್ಗರಿಸುತ್ತದೆ. ಆದರೂ ಮನುಷ್ಯನು ಉಸಿರು ಪಡೆದ ಮಣ್ಣು, ಅವನ ಭರವಸೆ ತನ್ನ ಸ್ವಭಾವದಲ್ಲಲ್ಲ, ಉಸಿರು ಕೊಟ್ಟವನಲ್ಲಿ ಎಂಬ ಹೀಬ್ರೂ ಅರಿವನ್ನು ಅದು ತಮಿಳಿಗಿಂತಲೂ ಹಳೆಯ ಇಂಗ್ಲಿಷಿಗಿಂತಲೂ ನಿಷ್ಠೆಯಿಂದ ಉಳಿಸಿಕೊಂಡಿದೆ. ಊರು ಬಿಟ್ಟು ಬಂದವರ ಮನೆಯಲ್ಲಿ ಹಿರಿಯರು ಕನ್ನಡದ ಸತ್ಯವೇದವನ್ನು ಓದಿ, ಮಕ್ಕಳು ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಪ್ರಾರ್ಥಿಸುವುದು ಅಸಂಭವವೇನಲ್ಲ. ಅಂಥ ಮನೆಯಲ್ಲಿ ಸಾವಾದಾಗ, ಹೋದದ್ದು ಪ್ರಾಣವೋ ಆತ್ತುಮಾವೋ ಎಂಬುದು ನಿಘಂಟಿನ ಪ್ರಶ್ನೆಯಾಗಿ ಉಳಿಯುವುದಿಲ್ಲ; ಸತ್ತವರಲ್ಲಿ ಏನು ಎದ್ದುಬರುವುದೆಂದು ನಂಬಬೇಕೆಂಬ ಪ್ರಶ್ನೆಯಾಗುತ್ತದೆ. ಹಿರಿಯರ ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರೆ, ಒಂದು ಭಾಷೆಯೊಡನೆ ಆ ಪ್ರಶ್ನೆಗೆ ದೊರೆತಿದ್ದ ಒಂದು ಒಳ್ಳೆಯ ಉತ್ತರವೂ ಆ ಮನೆಗೆ ಇಲ್ಲವಾಗುತ್ತದೆ.