ಒಣ ಹೆಂಡಿಯ ಕೆಳಗೆ

ಕಪ್ಪತಗುಡ್ಡದ ಇಳಿಜಾರಿನಲ್ಲಿ ಬೇಸಗೆಗೆ ಒಣಗಿ ಬಿದ್ದ ಹೆಂಡಿಯೊಂದನ್ನು ಮಗುಚಿ ನೋಡಿ. ಮೇಲಿನ ಗಟ್ಟಿ ಚಕ್ಕೆ ಹಾಗೇ ಇರುತ್ತದೆ, ಒಳಗೆಲ್ಲ ಟೊಳ್ಳು. ತಿಂದು ಬರಿದಾದ ಜಾಗದಲ್ಲಿ ತೇವದ ಕೆಮ್ಮಣ್ಣು ಮೆತ್ತಿರುತ್ತದೆ, ಬೆಳಕು ಬಿದ್ದೊಡನೆ ಗೆದ್ದಲು ಸಂದಿ ಸೇರುತ್ತವೆ. ಈ ಹುಳುವನ್ನು ನಾವು ಹಾನಿಯ ಬಾಬತ್ತಿಗೇ ಬರೆದಿಟ್ಟಿದ್ದೇವೆ. ಆದರೆ ಗದಗ, ಶಿರಹಟ್ಟಿ, ಮುಂಡರಗಿಯಂಥ ಒಣಸೀಮೆಯಲ್ಲಿ ನೆಲದ ಸತ್ವ ಬಹುಮಟ್ಟಿಗೆ ಇದರ ಊಟದ ಮೇಲೆ ನಿಂತಿದೆ. ಮಲೆನಾಡಿನಲ್ಲಿ ಉದುರಿದ ಎಲೆ ಕೊಳೆಸಲು ಎರೆಹುಳು, ಬೂಷ್ಟು, ಸೂಕ್ಷ್ಮಾಣು ಎಲ್ಲವೂ ಇವೆ. ಅವಕ್ಕೆ ತೇವ ಬೇಕು. ಇಲ್ಲಿ ಮಳೆಗಾಲ ಮುಗಿದು ಮೇಲ್ಮಣ್ಣು ಆರಿದರೆ ಅವುಗಳ ಕೆಲಸ ನಿಂತಂತೆ. ಗೆದ್ದಲು ಮಾತ್ರ ಆಳದ ಹಸಿಮಣ್ಣನ್ನು ಮೇಲೆ ತಂದು, ತಿನ್ನುವ ಕಡ್ಡಿಗೆ ಅದನ್ನೇ ಹೊದಿಸಿ, ಆ ಮರೆಯಲ್ಲಿ ಮೇಯುತ್ತದೆ. ಅಮೆರಿಕದ ಚಿವಾವಾ ಮರುಭೂಮಿಯಲ್ಲಿ ವಾಲ್ಟರ್ ವಿಟ್‌ಫರ್ಡ್ ಮತ್ತು ಸಂಗಡಿಗರು ಕೆಲವು ತುಂಡು ನೆಲದಿಂದ ಗೆದ್ದಲನ್ನು ತೆಗೆದುಹಾಕಿ ನೋಡಿದರು. ಅಲ್ಲಿ ಕಸಕಡ್ಡಿ ಕರಗದೆ ಉಳಿಯಿತು. ಪೊದೆಯಿಲ್ಲದ ಕಡೆ ಮಳೆನೀರು ಇಂಗುವುದೂ ಕಡಿಮೆಯಾಯಿತು.

ಊಟದ ಬಗೆ ಇನ್ನೂ ಸೋಜಿಗದ್ದು. ಮಸಾರಿ ನೆಲದಲ್ಲಿ ಹುತ್ತ ಎಬ್ಬಿಸುವ ಒಡಾಂಟೊಟರ್ಮಿಸ್ ಜಾತಿಯವು ಗಡಸು ಕಣಿಕಿಯನ್ನು ತಾವೇ ಪೂರ್ತಿ ಅರಗಿಸಿಕೊಳ್ಳಲಾರವು. ತಿಂದದ್ದನ್ನು ಅರೆಬರೆ ಅರಗಿಸಿ ಹೊರಹಾಕಿ, ಸ್ಪಂಜಿನಂಥ ತೋಟ ಕಟ್ಟುತ್ತವೆ. ಅದರ ಮೇಲೆ ಟರ್ಮಿಟೊಮೈಸಿಸ್ ಎಂಬ ಬೂಷ್ಟು ಬೆಳೆದು ನಾರನ್ನು ಮೆತ್ತಗೆ ಮಾಡುತ್ತದೆ. ಆಮೇಲೆ ಗಸಗಸೆ ಚೆಲ್ಲಿದಂತೆ ಮೂಡುವ ಬಿಳಿ ಗಂಟುಗಳನ್ನೂ ಹಳೆಯ ತೋಟವನ್ನೂ ತಿನ್ನುತ್ತವೆ. ಮಳೆಗೆ ಹುತ್ತದ ಮೇಲೆ ಏಳುವ ಅಣಬೆ ಈ ಬೂಷ್ಟಿನದೇ. ಎರೆನೆಲ ಹಿಗ್ಗಿ ಬಿರಿಯುವುದರಿಂದ ಅಲ್ಲಿ ಹುತ್ತ ಅಪರೂಪ. ಹಾಗೆಂದು ಗೆದ್ದಲು ಇಲ್ಲವೆನ್ನಬಾರದು. ಮೈಕ್ರೊಟರ್ಮಿಸ್ ಹುತ್ತವಿಲ್ಲದೆ ನೆಲದೊಳಗೇ ಸಣ್ಣ ತೋಟ ಮಾಡಿಕೊಳ್ಳುತ್ತದೆ.

ಶೇಂಗಾ ಬೆಳೆಯುವ ರೈತರ ಆಕ್ಷೇಪಣೆ ನ್ಯಾಯವಾದದ್ದೇ. ಗೆದ್ದಲು ಬೇರು ಕೊರೆಯುತ್ತದೆ, ಕಾಯಿಯ ಸಿಪ್ಪೆ ಕೆರೆಯುತ್ತದೆ. ಕೆರೆದಲ್ಲಿ ಬೂಷ್ಟು ಹೊಕ್ಕರೆ ಕಾಳಿನಲ್ಲಿ ಅಫ್ಲಾಟಾಕ್ಸಿನ್ ವಿಷ ಸೇರುತ್ತದೆ. ಆದರೆ ಈ ಕಾಟ ಹೆಚ್ಚುವುದು ಯಾವಾಗ? ಮಳೆ ಕೈಕೊಟ್ಟು ಗಿಡ ಸೊರಗಿದಾಗ, ಕೀಳುವುದು ತಡವಾದಾಗ. ಸತ್ತ ಸೊಪ್ಪು-ಕಡ್ಡಿಯೇ ಅದರ ಮೊದಲ ಆಹಾರ. ನಾವೋ ಕಣಿಕಿಯನ್ನು ಬಣವಿಗೆ, ಹತ್ತಿಕಟ್ಟಿಗೆಯನ್ನು ಒಲೆಗೆ ಸಾಗಿಸಿ, ಉಳಿದ ಕೂಳೆಗೆ ಬೆಂಕಿ ಇಡುತ್ತೇವೆ. ಹೊಲದಲ್ಲಿ ತಿನ್ನಲು ಉಳಿಯುವುದು ಬೆಳೆಯೊಂದೇ. ಹಾಗಾದರೆ ಕಸ ಬಿಟ್ಟರೆ ಇನ್ನಷ್ಟು ಗೆದ್ದಲು ಬರುವುದಿಲ್ಲವೇ ಎಂದು ಕೇಳಬಹುದು. ಅರೆಕೊಳೆತ ಗೊಬ್ಬರವನ್ನು ಸಾಲಿಗೆ ಹಾಕಿದರೆ ಖಂಡಿತ ಬರುತ್ತದೆ. ಆದ್ದರಿಂದ ಹೊಲಕ್ಕೆ ಪೂರ್ತಿ ಕಳಿತ ಗೊಬ್ಬರವೇ ಹೋಗಲಿ, ಒಣ ಕಡ್ಡಿ ಬದುವಿನ ಮೇಲಿರಲಿ. ಕಾಟ ಮಿತಿಮೀರಿದ ಸಾಲಿಗೆ ಔಷಧಿ ಹಾಕುವುದನ್ನು ನಾನು ತಪ್ಪೆನ್ನಲಾರೆ. ಬದುವಿನ ಹುತ್ತ ಅಗೆದು ಅದರೊಳಗೆ ವಿಷ ಸುರಿಯುವುದನ್ನು ಮಾತ್ರ ಒಪ್ಪಲಾರೆ.