ಜಿಗಿಯುವ ಜೀನ್‌ಗಳು ನಮ್ಮ ಮನಸ್ಸನ್ನು ಕಟ್ಟಿದವೇ?

ಮಿದುಳಿನ ಒಂದೊಂದು ನರಕೋಶದಲ್ಲೂ ಡಿಎನ್‌ಎ ತುಣುಕುಗಳು ಜಾಗ ಬದಲಿಸುತ್ತಿರುತ್ತವೆ, ಒಬ್ಬರ ಮನಸ್ಸು ಇನ್ನೊಬ್ಬರಂತಿಲ್ಲದಿರುವುದಕ್ಕೆ ಅದೇ ಕಾರಣ ಎಂಬ ಮಾತು ಕಳೆದ ಎರಡು ದಶಕಗಳಲ್ಲಿ ಜನಪ್ರಿಯ ವಿಜ್ಞಾನ ಬರಹಗಳಲ್ಲಿ ಬೇರೂರಿದೆ. ಅದಕ್ಕೆ ಮುಂಚೆ ಚಲಾವಣೆಯಲ್ಲಿದ್ದದ್ದು ಇದರ ತದ್ವಿರುದ್ಧ ಮಾತು. 1972ರಲ್ಲಿ ಸುಸುಮು ಓನೊ ಬಳಕೆಗೆ ತಂದ ‘ಕಸ ಡಿಎನ್‌ಎ’ ಎಂಬ ಹೆಸರಿನಡಿ ಈ ತುಣುಕುಗಳನ್ನೂ ಸೇರಿಸಿ ಮರೆತಿದ್ದರು. ಕಸವೆಂದು ತಳ್ಳಿದ್ದು ತಪ್ಪಾಯಿತೆಂದು ಈಗ ನಿಧಿಯೆಂದು ಮೆರೆಸಲಾಗುತ್ತಿದೆ. ಈ ಎರಡನೆಯ ತೀರ್ಪಿಗೂ ಸಾಕಷ್ಟು ಪುರಾವೆಯಿಲ್ಲ ಎಂಬುದು ನನ್ನ ವಾದ.

ಮೊದಲು ಲೆಕ್ಕ ನೋಡೋಣ. ಮನುಷ್ಯನ ಜೀನೋಮಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಥ ತುಣುಕುಗಳಿಂದಲೇ ಬಂದದ್ದು. ಲೈನ್-1 ಎಂಬ ಒಂದು ಕುಲದ್ದೇ ಶೇ. 17ರಷ್ಟು ಪಾಲು. ಹಿಂದೆಂದೋ ಪೂರ್ವಜರ ಅಂಡಾಣು, ವೀರ್ಯಾಣುಗಳಿಗೆ ತಗುಲಿ ಅಲ್ಲೇ ಉಳಿದುಬಿಟ್ಟ ರೆಟ್ರೊವೈರಸ್‌ಗಳ ಪಾಲು ಶೇ. 8. ಇಷ್ಟು ಹೇಳಿ ನಿಲ್ಲಿಸಿದರೆ ಓದುಗರು ಬೆರಗಾಗುವುದು ಸಹಜ. ಆದರೆ ಲೈನ್-1ರ ಸುಮಾರು ಐದು ಲಕ್ಷ ಪ್ರತಿಗಳಲ್ಲಿ ಇಂದಿಗೂ ಜಿಗಿಯಬಲ್ಲವು ನೂರರ ಆಸುಪಾಸು ಮಾತ್ರ. ಉಳಿದವು ತುಂಡಾಗಿವೆ, ಕೆಟ್ಟಿವೆ. ಆ ರೆಟ್ರೊವೈರಸ್‌ಗಳಲ್ಲಂತೂ ಮನುಷ್ಯರ ದೇಹಕೋಶದೊಳಗೆ ಹೊಸ ಜಾಗಕ್ಕೆ ಸೇರಿಕೊಳ್ಳುವ ಒಂದೂ ಈವರೆಗೆ ಸಿಕ್ಕಿಲ್ಲ. ಅವು ಆರ್‌ಎನ್‌ಎ ತಯಾರಿಸಬಹುದು, ಕೆಲವೊಮ್ಮೆ ಪ್ರೋಟೀನನ್ನೂ ತಯಾರಿಸಬಹುದು. ಜಿಗಿತ ಬೇರೆಯೇ ಸಂಗತಿ. ಈ ಮೂರನ್ನೂ ಬೆರೆಸಿ ‘ವೈರಸ್ ಎಚ್ಚೆತ್ತಿದೆ’ ಎಂದು ಬರೆಯುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ದೇಹಕೋಶಗಳಲ್ಲಿ ಜಿಗಿತ ನಡೆಯುತ್ತದೆ ಎಂಬುದು ಹೊಸ ಸುದ್ದಿಯೂ ಅಲ್ಲ. ಬಾರ್ಬರಾ ಮೆಕ್ಲಿಂಟಾಕ್ 1940ರ ದಶಕದಲ್ಲಿ ಗೋವಿನಜೋಳದ ಕಾಳುಗಳ ಮೇಲೆ ಕಂಡ ಬಣ್ಣದ ಚುಕ್ಕೆಗಳು ಅದೇ. ಕಾಳು ಬೆಳೆಯುವಾಗ ಒಂದು ಕೋಶದಲ್ಲಿ ತುಣುಕು ಬಣ್ಣದ ಜೀನಿನಿಂದ ಹೊರಬಿದ್ದರೆ, ಆ ಕೋಶದ ಸಂತತಿಯಷ್ಟೂ ಬಣ್ಣ ತಳೆಯುತ್ತದೆ. ದೇಹದ ಕೋಶಗಳಲ್ಲೆಲ್ಲ ಡಿಎನ್‌ಎ ಒಂದೇ ಎಂಬ ಪಠ್ಯಪುಸ್ತಕದ ಮಾತಿಗೆ ಅಂದೇ ತಿದ್ದುಪಡಿ ಬೇಕಿತ್ತು. ಅವರಿಗೆ ನೊಬೆಲ್ ಬಂದದ್ದು 1983ರಲ್ಲಿ.

ಇನ್ನು ಮಿದುಳಿನ ವಿಚಾರ. 2005ರಲ್ಲಿ ಫ್ರೆಡ್ ಗೇಜ್ ಅವರ ತಂಡ ಮನುಷ್ಯರ ಲೈನ್-1 ಅನ್ನು ಇಲಿಗಳಿಗೆ ಸೇರಿಸಿ, ಅದು ನರಕೋಶಗಳಲ್ಲಿ ಜಿಗಿಯುವುದನ್ನು ತೋರಿಸಿತು. ಸುಂದರವಾದ ಪ್ರಯೋಗ, ಅನುಮಾನವಿಲ್ಲ. ತಕರಾರು ಎದ್ದದ್ದು ನಮ್ಮ ಮಿದುಳಿನಲ್ಲಿ ಇದು ಎಷ್ಟು ನಡೆಯುತ್ತದೆ ಎಂಬಲ್ಲಿ. 2015ರಲ್ಲಿ ಜೆಫ್ರಿ ಫಾಕ್ನರ್ ತಂಡ ಹಿಪ್ಪೊಕ್ಯಾಂಪಸ್ಸಿನ ನರಕೋಶವೊಂದಕ್ಕೆ ಸರಾಸರಿ 13.7 ಹೊಸ ಜಿಗಿತಗಳಿವೆ ಎಂದಿತು. ಕ್ರಿಸ್ಟೊಫರ್ ವಾಲ್ಶ್ ಅವರ ಗುಂಪು ಅದೇ ದತ್ತಾಂಶವನ್ನು ಮತ್ತೆ ಸೋಸಿ ನೋಡಿ, 2016ರಲ್ಲಿ, ಐದು ನರಕೋಶಕ್ಕೆ ಒಂದರಷ್ಟೂ ಇರಲಾರದು ಎಂದಿತು. ಇಷ್ಟೊಂದು ಅಂತರ ಹೇಗೆ? ಒಂದೇ ಕೋಶದ ಡಿಎನ್‌ಎ ಓದಬೇಕಾದರೆ ಅದನ್ನು ಮೊದಲು ಅಸಂಖ್ಯ ಪಟ್ಟು ನಕಲು ಮಾಡಬೇಕು. ನಕಲಿನ ಭರದಲ್ಲಿ ದೂರದೂರದ ತುಂಡುಗಳು ತಪ್ಪಾಗಿ ಬೆಸೆದುಕೊಂಡು ಜಿಗಿತದಂತೆಯೇ ಕಾಣುತ್ತವೆ. ವಾಲ್ಶ್ ಗುಂಪಿನ ಆಕ್ಷೇಪವೇ ನನಗೆ ಬಲವಾಗಿ ತೋರುತ್ತದೆ. ಬಹುಪಾಲು ನರಕೋಶಗಳಲ್ಲಿ ಒಂದು ಜಿಗಿತವೂ ಇಲ್ಲವೆಂದಾದರೆ ಅವುಗಳ ಮೇಲೆ ವ್ಯಕ್ತಿತ್ವವನ್ನು ಕಟ್ಟುವುದು ಹೇಗೆ?

ಮಿದುಳಿನಿಂದ ದೊಡ್ಡ ಕರುಳಿಗೆ ಬಂದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ನಕಲಿನ ಈ ತೊಡಕನ್ನು ತಪ್ಪಿಸಲು ಒಂಟಿ ಕೋಶಗಳನ್ನು ಬೆಳೆಸಿ, ಅವುಗಳ ಸಂತತಿಯ ಡಿಎನ್‌ಎ ಓದಿತು. ಆರೋಗ್ಯವಾಗಿದ್ದ ಕರುಳಿನ ಒಳಪದರದಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಕೋಶಗಳಲ್ಲಿ ಲೈನ್-1 ಜಿಗಿದಿತ್ತು. ಕೋಶಕ್ಕೆ ಸರಾಸರಿ ಮೂರು ಬಾರಿ. ಜಿಗಿತವಿದ್ದಲ್ಲೆಲ್ಲ ಉದ್ದೇಶವಿದೆ ಎನ್ನುವವರು ಕರುಳಿಗೂ ಒಂದು ಉದ್ದೇಶ ಹೇಳಬೇಕಾಗುತ್ತದೆ. ಸರಳ ವಿವರಣೆ ಬೇರೆಯಿದೆ. ಮೀಥೈಲ್ ಗುಂಪುಗಳನ್ನು ಅಂಟಿಸಿ ಕೋಶ ಈ ತುಣುಕುಗಳ ಬಾಯಿ ಮುಚ್ಚಿಸುತ್ತದೆ. ಆ ಕಾವಲು ಕೆಲವು ಅಂಗಾಂಶಗಳಲ್ಲಿ, ಕೆಲವು ಪ್ರತಿಗಳ ಮಟ್ಟಿಗೆ, ಸಡಿಲವಾಗಿರುತ್ತದೆ. ಅಲ್ಲಿ ಸೋರಿಕೆಯಾಗುತ್ತದೆ. ಕರುಳಿನ ಕ್ಯಾನ್ಸರೊಂದರಲ್ಲಿ ಎಪಿಸಿ ಎಂಬ ರಕ್ಷಕ ಜೀನನ್ನು ಲೈನ್-1 ಒಡೆದದ್ದು 1992ರಲ್ಲೇ ವರದಿಯಾಗಿತ್ತು.

ಹಾಗಾದರೆ ಇವುಗಳಿಂದ ದೇಹಕ್ಕೆ ಏನೂ ಬಂದಿಲ್ಲವೇ? ಖಂಡಿತ ಬಂದಿದೆ, ಮತ್ತು ಅದೇ ನನ್ನ ವಾದದ ಮುಖ್ಯ ಆಧಾರ. ಮಾಸಿನ ಹೊರಪದರದಲ್ಲಿ ಕೋಶಗಳನ್ನು ಒಂದಾಗಿ ಬೆಸೆಯುವ ಸಿನ್ಸಿಟಿನ್, ಪುರಾತನ ರೆಟ್ರೊವೈರಸ್ಸೊಂದರ ಹೊದಿಕೆಯ ಪ್ರೋಟೀನು. ಇಲಿಗಳು ಬೇರೆ ವೈರಸ್‌ಗಳಿಂದ ಸ್ವತಂತ್ರವಾಗಿ ಇಂಥದ್ದನ್ನೇ ಪಡೆದಿವೆ. ಅವುಗಳ ಸಿನ್ಸಿಟಿನ್-ಎ ಜೀನನ್ನು ತೆಗೆದರೆ ಭ್ರೂಣ ಗರ್ಭದಲ್ಲೇ ಸಾಯುತ್ತದೆ. ಉಪಯೋಗವಿದೆ ಎನ್ನಲು ಬೇಕಾದ ಪುರಾವೆ ಇದು. ಪ್ರತಿಕಾಯಗಳ ವೈವಿಧ್ಯಕ್ಕೆ ಬಿಳಿ ರಕ್ತಕೋಶಗಳಲ್ಲಿ ಡಿಎನ್‌ಎ ಕತ್ತರಿಸುವ ರ‍್ಯಾಗ್ ಕಿಣ್ವಗಳ ಮೂಲವೂ ಜಿಗಿಯುವ ತುಣುಕೇ. ಎರಡರಲ್ಲೂ ಗಮನಿಸಬೇಕಾದದ್ದು ಒಂದಿದೆ: ದೇಹಕ್ಕೆ ದಕ್ಕಿದ ಜೀನುಗಳು ಅಲೆದಾಟ ಬಿಟ್ಟು ಒಂದೆಡೆ ನೆಲೆನಿಂತಿವೆ. ಈಗಲೂ ಅಲೆಯುತ್ತಿರುವ ಲೈನ್-1ರ ಜಿಗಿತಗಳಿಗೆ ಅಂಥ ಯಾವ ಕೆಲಸವೂ ಸಾಬೀತಾಗಿಲ್ಲ. ನರಕೋಶದಲ್ಲಾದ ಜಿಗಿತ ಮಕ್ಕಳಿಗೆ ಹೋಗುವುದೂ ಇಲ್ಲ. ಅದು ಎಷ್ಟೇ ಒಳ್ಳೆಯದಾಗಿದ್ದರೂ ನಿಸರ್ಗದ ಆಯ್ಕೆ ಅದನ್ನು ಉಳಿಸಿಕೊಂಡು ಮುಂದಿನ ತಲೆಮಾರಿಗೆ ದಾಟಿಸಲಾರದು.

ಈ ವಿವೇಚನೆ ರೋಗಿಗಳ ಮಟ್ಟಿಗೂ ಮುಖ್ಯ. 2019ರಲ್ಲಿ ಜಾನ್ ಸೆಡಿವಿ ತಂಡ ಕಂಡಂತೆ, ಮುಪ್ಪಾದ ಕೋಶಗಳಲ್ಲಿ ಲೈನ್-1ರ ಡಿಎನ್‌ಎ ಪ್ರತಿಗಳು ಕೋಶರಸದಲ್ಲಿ ಜಮೆಯಾಗುತ್ತವೆ. ಕೋಶ ಅವನ್ನು ವೈರಸ್ ಎಂದೆಣಿಸಿ ಇಂಟರ್‌ಫೆರಾನ್ ಸ್ರವಿಸುತ್ತದೆ, ಉರಿಯೂತ ಹಬ್ಬುತ್ತದೆ. ಎಚ್‌ಐವಿಗೆ ಕೊಡುವ ಲ್ಯಾಮಿವುಡಿನ್ ಮುದಿ ಇಲಿಗಳಲ್ಲಿ ಆ ಉರಿಯೂತವನ್ನು ತಗ್ಗಿಸಿತು. ಇಲ್ಲಿ ಜಿಗಿತ ಪೂರ್ತಿಯಾಗಬೇಕಿಲ್ಲ, ಅರ್ಧ ದಾರಿಯ ಪ್ರತಿಯೇ ಹಾನಿ ಮಾಡುತ್ತದೆ. ಆದ್ದರಿಂದ ಜಿಗಿತ ಎಣಿಸುವವರಿಗೆ ಈ ರೋಗ ಕಾಣುವುದೇ ಇಲ್ಲ. ಇನ್ನೊಂದೆಡೆ, ಎಎಲ್‌ಎಸ್ ಎಂಬ ಮಾರಕ ನರರೋಗದಲ್ಲಿ ಎಚ್‌ಇಆರ್‌ವಿ-ಕೆ ಎಂಬ ರೆಟ್ರೊವೈರಸ್ ಎಚ್ಚೆತ್ತಿರುತ್ತದೆ ಎಂದು 2015ರಲ್ಲಿ ವರದಿಯಾದಾಗ ಹುಟ್ಟಿದ ಭರವಸೆ ದೊಡ್ಡದು. ನಂತರ ಬೇರೆ ತಂಡಗಳು ರೋಗಿಗಳ ಅಂಗಾಂಶದಲ್ಲಿ ಹುಡುಕಿದಾಗ ಆರೋಗ್ಯವಂತರಿಗಿಂತ ಅಂಥ ಹೆಚ್ಚಳ ಕಾಣಲಿಲ್ಲ. ಮೊದಲ ಸುದ್ದಿ ಮುಖಪುಟಗಳಿಗೆ ಹೋಯಿತು. ಎರಡನೆಯದು ಆ ರೋಗಿಗಳ ಮನೆಗಳಿಗೂ ಅಷ್ಟೇ ಸ್ಪಷ್ಟವಾಗಿ ತಲುಪಬೇಕಿತ್ತು.